ಹದಿನೈದು ಕಿಲೋ ಸೋರಿಕೆ

ಮಾಬುಬಿಯ ವ್ಯಾನಿನಲ್ಲಿ ಏನೂ ಸೋರುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಈ ಮಾತು ಹೇಳಲು ನಾನು ಹೋದಲ್ಲೆಲ್ಲ ನನ್ನನ್ನು ಮೆತ್ತನೆಯ ಕುರ್ಚಿಯಲ್ಲಿ ಕೂರಿಸಿ, ಸಣ್ಣ ಕಪ್ಪಿನಲ್ಲಿ ಚಹಾ ಕೊಟ್ಟು, ಪರದೆಯ ಮೇಲಿನ ಗೆರೆ ತೋರಿಸಿ, "ಸೋರ್ತಾ ಇದೆ ನೋಡಿ" ಎಂದು ವಾಪಸು ಕಳಿಸಿದ್ದಾರೆ. ನಾನು ಮೌನೇಶ ಬಡಿಗೇರ. ಮುಂಡರಗಿಯಲ್ಲಿ ಮೂವತ್ತೊಂದು ವರ್ಷದಿಂದ ಗ್ಯಾರೇಜ್ ಇಟ್ಟವನು. ಎಂಜಿನ್ನಿನಿಂದ ಒಂದು ಹನಿ ಬಿದ್ದರೆ ಅದು ಆಯಿಲ್ಲೋ, ಕೂಲಂಟೋ, ಬ್ರೇಕ್ ಎಣ್ಣೆಯೋ ಎಂದು ಬೆರಳಿಗೆ ಹಚ್ಚಿಕೊಂಡೇ ಹೇಳಬಲ್ಲೆ. ಹಾಗಿದ್ದೂ ಎಂಟು ವಾರ ಆ ಗೆರೆಯನ್ನೇ ನಂಬಿದೆ. ನನಗೆ ಸಿಟ್ಟು ಬರುವುದು ಅದಕ್ಕೇ. ಮೊದಲು ನನ್ನ ಮೇಲೆ, ಆಮೇಲೆ ಅವರ ಮೇಲೆ.

ಗೆರೆ ಎಳೆಯುವುದು ಮುಂಗಾಣ್ಕೆ ಪೆಟ್ಟಿಗೆ. ಅದು ಎಲ್ಲ ವಾಹನಗಳಿಗೂ ಕಡ್ಡಾಯವಾಗಿ ನಾಲ್ಕು ವರ್ಷವಾಯಿತು. ಹಿಂದೆಲ್ಲ ಎಂಜಿನ್ ದೀಪ ಹತ್ತುತ್ತಿದ್ದದ್ದು ಏನಾದರೂ ಕೆಟ್ಟ ಮೇಲೆ. ಈ ಪೆಟ್ಟಿಗೆ ಕೆಡುವ ಮುಂಚೆಯೇ ಹೇಳುತ್ತದೆ. ಬೇರಿಂಗಿನ ಸದ್ದು ಕೇಳುತ್ತದೆ, ಹೊಗೆಯ ವಾಸನೆ ಹಿಡಿಯುತ್ತದೆ, ಸೀಟಿನಲ್ಲಿ ಎಷ್ಟು ಜನ ಕೂತಿದ್ದಾರೆಂದು ಎಣಿಸುತ್ತದೆ, ನಾಲ್ಕೂ ಚಕ್ರದ ಸ್ಪ್ರಿಂಗಿನ ಹತ್ತಿರ ಕೂತು ಇಡೀ ಗಾಡಿಯನ್ನು ನೂರು ಗ್ರಾಮಿನಷ್ಟು ನಿಖರವಾಗಿ ತೂಗುತ್ತದೆ. ಗೊತ್ತಾದದ್ದನ್ನೆಲ್ಲ ಹುಬ್ಬಳ್ಳಿಯ ನಿಯಂತ್ರಣ ಕೊಠಡಿಗೆ ಕಳಿಸುತ್ತದೆ. ಹಸಿರು ದೀಪ ಇದ್ದರೆ ನಿಶ್ಚಿಂತೆ. ಹಳದಿ ಬಂದರೆ ಬಿಡಿಭಾಗ ಬದಲಿಸಬೇಕು. ಕೆಂಪು ಬಂದರೆ ಎಂಜಿನ್ ತಾನಾಗಿಯೇ ನಿಂತುಬಿಡುತ್ತದೆ, ಪೆಟ್ಟಿಗೆಯ ಸಂಸ್ಥೆಯವರು ಬಂದು ಬೀಗ ಬಿಡಿಸುವ ತನಕ ಏಳುವುದಿಲ್ಲ.

ಸುಳ್ಳು ಯಾಕೆ ಹೇಳಲಿ, ಪೆಟ್ಟಿಗೆ ಒಳ್ಳೆಯದನ್ನೂ ಮಾಡಿದೆ. ನಮ್ಮೂರಿನ ಶಾಲೆಯ ಬಸ್ಸೊಂದರ ಸ್ಟೀರಿಂಗ್ ಕೀಲು ಮುರಿಯುತ್ತದೆಂದು ಹನ್ನೊಂದು ದಿನ ಮೊದಲೇ ಹೇಳಿತ್ತು. ಕಳಚಿ ನೋಡಿದರೆ ಕೂದಲೆಳೆಯಷ್ಟು ಬಿರುಕು. ನನ್ನ ಕಣ್ಣಿಗಾದರೆ ಬೀಳುತ್ತಿರಲಿಲ್ಲ. ಅವತ್ತಿನಿಂದ ನಾನು ಅದಕ್ಕೆ ಮನಸ್ಸಿನಲ್ಲೇ ಕೈ ಮುಗಿಯುತ್ತಿದ್ದೆ.

ಮಾಬುಬಿ ನದಾಫ್ ನನ್ನ ಹಳೇ ಗಿರಾಕಿ. ಹನ್ನೆರಡು ಸೀಟಿನ ಡೀಸೆಲ್ ವ್ಯಾನಿಗೆ ಒಡತಿಯೂ ಅವಳೇ, ಡ್ರೈವರೂ ಅವಳೇ. ಮಂಗಳವಾರ, ಗುರುವಾರ, ಶನಿವಾರ ಕಿಡ್ನಿ ಸೋತ ಆರು ಮಂದಿಯನ್ನು ಗದಗಿಗೆ ಡಯಾಲಿಸಿಸ್ಸಿಗೆ ಒಯ್ಯುತ್ತಿದ್ದಳು. ಬೆಳಿಗ್ಗೆ ಏಳಕ್ಕೆ ಹೊರಟರೆ ಮಧ್ಯಾಹ್ನ ಮೂರಕ್ಕೆ ವಾಪಸು. ಆ ಆರು ಮಂದಿಯಲ್ಲಿ ಒಬ್ಬಳು ನನ್ನ ಅಕ್ಕ, ಕಾಳವ್ವ ಪತ್ತಾರ. ಭಾವ ತೀರಿದ ಮೇಲೆ ನಮ್ಮ ಮನೆಯಲ್ಲೇ ಇದ್ದಳು. ಇಪ್ಪತ್ತಾರು ವರ್ಷ ಅಂಗನವಾಡಿಯಲ್ಲಿ ಮಕ್ಕಳನ್ನು ತಕ್ಕಡಿಯಲ್ಲಿ ಕೂರಿಸಿ ತೂಕ ಬರೆದವಳು. ನಿವೃತ್ತಿಯಾದ ಮೇಲೆ ಬರೆಯಲು ಅವಳಿಗೆ ತನ್ನ ತೂಕವೇ ಉಳಿಯಿತು.

ಡಯಾಲಿಸಿಸ್ಸಿನವರಿಗೆ ಮೂತ್ರ ಆಗುವುದಿಲ್ಲ. ಕುಡಿದದ್ದು ಮೈಯಲ್ಲೇ ನಿಲ್ಲುತ್ತದೆ, ಯಂತ್ರವೇ ತೆಗೆಯಬೇಕು. ಹಾಗಾಗಿ ದಿನಕ್ಕೆ ಇಷ್ಟೇ ನೀರು ಎಂದು ಅಳತೆ. ಅಕ್ಕ ತನ್ನ ಸ್ಟೀಲ್ ಲೋಟವನ್ನು ಗ್ಯಾರೇಜಿಗೆ ತಂದು, ಒಳಗಡೆ ನಾಲ್ಕು ಗೀಟು ಕೊರೆಸಿಕೊಂಡು ಹೋಗಿದ್ದಳು. ಬೇಸಗೆಯಲ್ಲಿ ಅವಳು ಒಂದು ಗುಟುಕನ್ನು ಬಾಯಲ್ಲಿ ಇಟ್ಟುಕೊಂಡು, ಆ ಗಲ್ಲದಿಂದ ಈ ಗಲ್ಲಕ್ಕೆ ಆಡಿಸಿ ಆಡಿಸಿ, ಬಹಳ ಹೊತ್ತಿನ ಮೇಲೆ ನುಂಗುವುದನ್ನು ನೋಡಿದರೆ ನನಗೆ ಎದುರಿಗೆ ನೀರು ಕುಡಿಯಲು ನಾಚಿಕೆಯಾಗುತ್ತಿತ್ತು.

"ಅಡಿಗಿಮನ್ಯಾಗ ಹೋಗಿ ಕುಡಿಯೋದೇನು ಬ್ಯಾಡ, ಇಲ್ಲೇ ಕುಡಿ," ಎನ್ನುತ್ತಿದ್ದಳು. "ನಿನ್ನ ಗಂಟಲ ಸಪ್ಪಳರ ಕೇಳತೀನಿ."

ಫೆಬ್ರವರಿಯಲ್ಲಿ ಪೆಟ್ಟಿಗೆಗಳಿಗೆ ಹೊಸ ಆವೃತ್ತಿ ಹಾಕಿದರು. ಮರುವಾರವೇ ಮಾಬುಬಿ ವ್ಯಾನು ತಂದು ನಿಲ್ಲಿಸಿದಳು. ಹಳದಿ ದೀಪ. ಕೆಳಗೆ ಅಕ್ಷರ: 'ದ್ರವ ಸೋರಿಕೆ. ಪ್ರತಿ ಪ್ರಯಾಣಕ್ಕೆ ಹದಿನೈದು ಕಿಲೋ.'

"ಹದಿನೈದು ಕಿಲೋ ಸೋರಿದ್ರ ನನ್ನ ಹಿಂದ ಹಳ್ಳ ಹರೀಬೇಕಲ್ಲಣ್ಣ," ಅಂದಳು ಮಾಬುಬಿ.

ಸೋರಿಕೆ ಹುಡುಕಲು ನಮ್ಮದೊಂದು ಹಳೇ ರೂಢಿಯಿದೆ. ಸಂಜೆ ಗಾಡಿಯ ಕೆಳಗೆ ಹಳೆಯ ಪತ್ರಿಕೆಗಳನ್ನು ಹಾಸಿ, ಪೈಪಿನ ಸಂದುಗಳಿಗೆಲ್ಲ ಸುಣ್ಣದ ಪುಡಿ ಉದುರಿಸಿ ಬಿಡುತ್ತೇವೆ. ಬೆಳಿಗ್ಗೆ ಎಲ್ಲಿ ಹಸಿಯಾಗಿದೆಯೋ ಅಲ್ಲಿ ರೋಗ. ಮೂರು ದಿನ ಹಾಸಿದೆ. ಮೂರು ದಿನವೂ ಕಾಗದ ಒಣಗಿದ್ದು ಒಣಗಿದಂತೆಯೇ ಇತ್ತು. ಆ ಕಾಗದದ ಮಾತು ಕೇಳಿದ್ದರೆ ಅಕ್ಕ ಇವತ್ತು ಇರುತ್ತಿದ್ದಳು. ನಾನು ದೀಪದ ಮಾತು ಕೇಳಿದೆ. ರೇಡಿಯೇಟರ್ ಬದಲಿಸಿದೆ, ಹೋಸ್ ಪೈಪು ಬದಲಿಸಿದೆ, ವಾಟರ್ ಪಂಪು ಬದಲಿಸಿದೆ. ಶನಿವಾರ ಗದಗಿಗೆ ಹೋಗಿ ಬಂದರೆ ಮತ್ತೆ ಅದೇ ಹಳದಿ, ಅದೇ ಹದಿನೈದು.

ಕೊನೆಗೆ ಹುಬ್ಬಳ್ಳಿಗೆ ಹೋದೆ. ನಿಯಂತ್ರಣ ಕೊಠಡಿಯಲ್ಲಿ ಗೋಡೆಯಗಲ ಪರದೆ, ಅದರ ತುಂಬ ಉತ್ತರ ಕರ್ನಾಟಕದ ರಸ್ತೆಗಳು, ರಸ್ತೆಗಳ ತುಂಬ ಸಾಸಿವೆ ಕಾಳಿನಂಥ ದೀಪಗಳು. ಎ.ಸಿ. ಎಷ್ಟು ತಂಪಿತ್ತೆಂದರೆ ಅಲ್ಲಿನವರು ಮಾರ್ಚ್ ತಿಂಗಳಲ್ಲಿ ಸ್ವೆಟರ್ ಹಾಕಿಕೊಂಡಿದ್ದರು. ನೀಲಾಂಬಿಕಾ ಎಂಬ ಎಂಜಿನಿಯರ್ ನನ್ನನ್ನು ಕೂರಿಸಿಕೊಂಡು ಸಮಾಧಾನದಿಂದಲೇ ವಿವರಿಸಿದಳು.

"ನೋಡಿ ಸಾರ್, ಹೋಗುವಾಗ ಡ್ರೈವರ್ ಸೇರಿ ಏಳು ಸೀಟು ತುಂಬಿದೆ. ಬರುವಾಗಲೂ ಅವೇ ಏಳು ಸೀಟು. ಖರ್ಚಾದ ಡೀಸೆಲ್ ಕಳೆದಿದ್ದೇವೆ. ಆದರೂ ಹದಿನೈದು ಕಿಲೋ ಕಡಿಮೆ. ಒಂದು ಸಲ ಆದರೆ ಬಿಡಿ, ಯಾರದೋ ಚೀಲ ಅನ್ನಬಹುದು. ಪ್ರತಿ ಸಲವೂ ಇಳಿಕೆ. ಒಂದು ಸಲವೂ ಏರಿಕೆ ಇಲ್ಲ. ಇದು ಸೋರಿಕೆಯದೇ ಗುರುತು."

"ಟ್ಯಾಂಕಿನ ಮುಳ್ಳು ಸರಿಯಾಗೇ ತೋರಸ್ತೈತಲ್ರಿ ಮೇಡಂ. ಕೂಲಂಟೂ ಇದ್ದಷ್ಟೇ ಇರ್ತೈತಿ."

"ಮುಳ್ಳು ಸಿಕ್ಕಿಹಾಕಿಕೊಳ್ಳಬಹುದು ಸಾರ್. ಹಾಗೆ ಸಿಕ್ಕಿಹಾಕಿಕೊಂಡೇ ಹೋದ ವರ್ಷ ಒಂದು ಬಸ್ಸಿಗೆ ಬೆಂಕಿ ಬಿತ್ತು. ಹೊಸ ಆವೃತ್ತಿಯಲ್ಲಿ ಮುಳ್ಳಿಗೂ ತೂಕಕ್ಕೂ ವ್ಯತ್ಯಾಸ ಬಂದರೆ ತೂಕವನ್ನೇ ನಂಬಬೇಕು ಅಂತಿದೆ." ಆಮೇಲೆ ಅವಳು ದನಿ ತಗ್ಗಿಸಿ ಇನ್ನೊಂದು ಗೆರೆ ತೋರಿಸಿದಳು. "ಇನ್ನೂ ಒಂದಿದೆ. ಮುಂದಿನ ಸಲ ಹೊರಡುವಾಗ ತೂಕ ಮತ್ತೆ ಭರ್ತಿ. ಅಂದರೆ ನಡುವೆ ಯಾರೋ ತುಂಬಿಸುತ್ತಿದ್ದಾರೆ. ಸೋರಿಕೆ ಮುಚ್ಚಿಡುತ್ತಿದ್ದಾರೆ. ಇದು ಹೀಗೇ ಮುಂದುವರಿದರೆ ಪೆಟ್ಟಿಗೆ ಕೆಂಪಿಗೆ ಹೋಗುತ್ತದೆ."

ನಾನು ತಲೆಯಾಡಿಸಿದೆ. ಗೆರೆ ಅಷ್ಟು ಚೆಂದ ಇತ್ತು. ಮೂವತ್ತೊಂದು ವರ್ಷದ ಮೆಕ್ಯಾನಿಕ್ ಆ ಗೆರೆಯ ಮುಂದೆ ಸ್ಕೂಲು ಹುಡುಗನಂತೆ ತಲೆಯಾಡಿಸಿ ಬಂದೆ.

ಬಂದವನು ಸುಮ್ಮನಿರಲಿಲ್ಲ. ಮಾಬುಬಿಯನ್ನು ಮನೆಗೆ ಕರೆಸಿ, ಅಕ್ಕನ ಎದುರಿಗೇ ಕೇಳಿದೆ. "ಖರೇ ಹೇಳು. ನೀ ಮನ್ಯಾಗ ಡೀಸೆಲ್ ತುಂಬಸಾಕತ್ತೀ ಹೌದಿಲ್ಲೋ? ಕಂಪನಿಯವರಿಗೆ ಗೊತ್ತಾಗಬಾರದು ಅಂತ?"

ಅವಳ ಮುಖ ಕಪ್ಪಿಟ್ಟಿತು. ಒಂಬತ್ತು ವರ್ಷದಿಂದ ಒಂದು ದಿನ ತಪ್ಪಿಸದೆ, ರಂಜಾನಿನ ಉಪವಾಸದಲ್ಲೂ ನೀರಿಲ್ಲದೆ ಆ ನೀರಿಲ್ಲದವರನ್ನು ಕರೆದುಕೊಂಡು ಹೋದವಳು.

"ಅಣ್ಣ, ನೀ ಬೈದಿದ್ರ ಬೈಸ್ಕೋತಿದ್ದೆ. ಕಳ್ಳಿ ಅಂದಿ," ಎಂದವಳೇ ಎದ್ದು ಹೋದಳು.

ಅಕ್ಕ ನನ್ನನ್ನು ನೋಡಿದಳು. "ಆ ಪೆಟಗಿ ಆಕಿನ್ನ ಎಷ್ಟ ದಿನದಿಂದ ಬಲ್ಲುದೋ? ನೀ ಎಷ್ಟ ದಿನದಿಂದ ಬಲ್ಲಿ?" ಎಂದಳು. ನನ್ನ ಹೆಂಡತಿ ಕಸ್ತೂರಿ ಅವತ್ತು ನನಗೆ ಊಟಕ್ಕೆ ಬಡಿಸಿದ್ದೇ ಒಳಗೆ ಹೋಗಿ ಅಕ್ಕನ ಹತ್ತಿರ ಕೂತಳು.

ಏಪ್ರಿಲ್ ಎರಡನೇ ಶನಿವಾರ. ಮುಂಡರಗಿ ಬಿಟ್ಟು ಅರ್ಧ ತಾಸಿಗೆ, ಡಂಬಳದ ಹತ್ತಿರ ವ್ಯಾನು ಕೆಂಪು ದೀಪ ಹಚ್ಚಿಕೊಂಡು ತೆವಳುತ್ತ ತೆವಳುತ್ತ ರಸ್ತೆಯ ಪಕ್ಕಕ್ಕೆ ಹೋಗಿ ನಿಂತಿತು. ಪೆಟ್ಟಿಗೆಯೊಳಗಿಂದ ಹೆಣ್ಣು ದನಿಯೊಂದು ಬಹಳ ಮರ್ಯಾದೆಯಿಂದ ಹೇಳಿತಂತೆ: "ಸೋರಿಕೆ ಮರೆಮಾಚಿದ್ದು ಪತ್ತೆಯಾಗಿದೆ. ಬೆಂಕಿಯ ಅಪಾಯವಿದೆ. ದಯವಿಟ್ಟು ಎಲ್ಲರೂ ವಾಹನದಿಂದ ಐವತ್ತು ಮೀಟರ್ ದೂರ ಹೋಗಿ."

ಹೋದರು. ಹೋಗದೆ ಏನು ಮಾಡಿಯಾರು, ಬಾಗಿಲು ತಾನೇ ತೆರೆದು, ಕಿವಿ ಹರಿಯುವಂತೆ ಕೂಗುತ್ತಿತ್ತು. ಕೈಯಲ್ಲಿ ಸೂಜಿಯ ಗಂಟು ಬಿದ್ದ, ಕಾಲು ಬಾತ ಆರು ಜನ ರಸ್ತೆಯ ಬದಿಗೆ ಸಾಲಾಗಿ ನಿಂತರು. ಅಲ್ಲಿ ಒಂದು ಜಾಲಿಗಿಡದ ನೆರಳೂ ಇಲ್ಲ. ಸುತ್ತ ಎರೆಹೊಲ, ಕೊಯ್ಲು ಮುಗಿದು ಬಿರಿದ ನೆಲ. ಸಹಾಯವಾಣಿಗೆ ಫೋನು ಮಾಡಿದರೆ, "ನಿಮ್ಮ ಸುರಕ್ಷತೆಯೇ ನಮಗೆ ಮುಖ್ಯ," ಎಂದು ಹೇಳಿ ಸಂಗೀತ ಹಚ್ಚಿದರು. ನಾನು ನನ್ನ ಹಳೇ ಜೀಪು ತೆಗೆದುಕೊಂಡು ತಲುಪುವಷ್ಟರಲ್ಲಿ ಮಾಬುಬಿ ಒಂದು ಮೆಣಸಿನಕಾಯಿ ಟೆಂಪೋಗೆ ಅಡ್ಡ ನಿಂತು, ಚೀಲಗಳ ಮೇಲೆ ಆರು ಮಂದಿಯನ್ನೂ ಹತ್ತಿಸಿ ಕಳಿಸಿದ್ದಳು. ನನ್ನನ್ನು ನೋಡಿ ಮುಖ ತಿರುಗಿಸಿದಳು.

ಗದಗಿನಲ್ಲಿ ಅವರ ಪಾಳಿಯ ಹೊತ್ತು ಮೀರಿತ್ತು. ಕೇಂದ್ರದವರು ಒಳ್ಳೆಯವರು, ಅವರ ಮೇಲೆ ನನಗೇನೂ ಇಲ್ಲ. ಮಧ್ಯಾಹ್ನದ ಪಾಳಿಯವರನ್ನು ಹಿಂದೆ ಮುಂದೆ ಮಾಡಿ ಐದು ಹಾಸಿಗೆ ಬಿಡಿಸಿದರು. ಬಂದವರು ಆರು.

"ನನಗ ಸೋಮವಾರ ಹಚ್ರಿ," ಅಂದಳು ಅಕ್ಕ. "ಇವರೆಲ್ಲರಿಗಿಂತ ನಾನೇ ಗಟ್ಟಿ. ಬೇಕಾದ್ರ ತೂಗಿ ನೋಡ್ರಿ."

ಜೀಪಿನಲ್ಲಿ ಅವರ ಹಿಂದೆಯೇ ಹೋಗಿದ್ದ ನಾನು ಅಲ್ಲೇ ಇದ್ದೆ. ಬೇಡ ಅನ್ನಲಿಲ್ಲ. ಅವಳು ಅಷ್ಟು ಧೈರ್ಯವಾಗಿ ಹೇಳಿದಳು. ಭಾನುವಾರ ಇಡೀ ದಿನ ಅವಳು ಲೋಟದ ಮೊದಲನೆಯ ಗೀಟು ಸಹ ದಾಟಲಿಲ್ಲ. ಆದರೂ ಸಂಜೆಗೆ ಮುಖ ಬಾತಿತು, ಮಲಗಿದರೆ ಉಸಿರಾಡಲು ಆಗಲಿಲ್ಲ, ಗೋಡೆಗೆ ಒರಗಿ ಕೂತೇ ಬೆಳಗು ಮಾಡಿದಳು. ಊರಿನ ಡಾಕ್ಟರು ಬಂದು ಸೂಜಿ ಹಾಕಿ, ಬೆಳಕು ಹರಿಯುತ್ತಲೇ ಗದಗಿಗೆ ಒಯ್ಯಿರಿ ಎಂದರು. ಸೋಮವಾರ ನಸುಕಿನಲ್ಲಿ ಜೀಪಿನಲ್ಲಿ ಕೂರಿಸಿಕೊಂಡೆ. ಡಂಬಳ ಇನ್ನೂ ದಾಟಿರಲಿಲ್ಲ. ಅವಳನ್ನು ಹಿಡಿದು ಹಿಂದಿನ ಸೀಟಿನಲ್ಲಿ ಕೂತಿದ್ದ ಕಸ್ತೂರಿ, "ಏನ್ರಿ, ನಿಲ್ಲಸ್ರಿ," ಎಂದಳು. ಅಷ್ಟರಲ್ಲಿ ಎಲ್ಲ ಮುಗಿದಿತ್ತು.

ಶ್ವಾಸಕೋಶದಲ್ಲಿ ನೀರು ತುಂಬಿತ್ತು ಎಂದರು. ಸೋರುತ್ತಿದೆ ಎಂದು ಗಾಡಿ ನಿಲ್ಲಿಸಿದರು. ನನ್ನ ಅಕ್ಕ ಸತ್ತದ್ದು ಮೈಯೊಳಗಿನ ನೀರು ಹೊರಗೆ ಹೋಗಲು ದಾರಿಯಿಲ್ಲದೆ.

ಅದೇ ಸೋಮವಾರ ಸಂಸ್ಥೆಯವರು ವ್ಯಾನನ್ನು ಎತ್ತಿಕೊಂಡು ಹೋಗಿ, ಡೀಸೆಲ್ ಟ್ಯಾಂಕೇ ಹೊಸದು ಕೂರಿಸಿ, ಬೀಗ ಬಿಡಿಸಿ ಕೊಟ್ಟರು. ಮಂಗಳವಾರ ಮಾಬುಬಿ ಉಳಿದ ಐವರನ್ನು ಕರೆದುಕೊಂಡು ಹೋದಳು. ಗುರುವಾರವೂ ಹೋದಳು. ಗುರುವಾರ ನಾಲ್ಕರ ಹೊತ್ತಿಗೆ ನಮ್ಮ ಮನೆಯ ಬಾಗಿಲಿಗೆ ಬಂದು, ಒಳಗೆ ಬರದೆ, ಫೋನು ಮುಂದೆ ಹಿಡಿದಳು.

"ಇದನ್ನ ಓದಣ್ಣ. ನನಗ ತಿಳಿದಿದ್ದ ಖರೇ ಐತೇನು ಹೇಳು."

ಪೆಟ್ಟಿಗೆಯ ಸಂದೇಶ: 'ಅಭಿನಂದನೆಗಳು. ನಿಮ್ಮ ವಾಹನದ ಸೋರಿಕೆ ಹದಿನೈದು ಕಿಲೋದಿಂದ 12.4 ಕಿಲೋಗೆ ಇಳಿದಿದೆ. ದುರಸ್ತಿ ಮಾಡಿಸಿದ್ದಕ್ಕೆ ಧನ್ಯವಾದಗಳು. ಉಳಿದ ಸೋರಿಕೆಯನ್ನೂ ಬೇಗ ನಿವಾರಿಸಿ.'

ನಾನು ಮೊದಲು ಮೆಕ್ಯಾನಿಕ್ಕಿನಂತೆ ಯೋಚಿಸಿದೆ. ಟ್ಯಾಂಕು ತೂತಾಗಿದ್ದರೆ, ಹೊಸ ಟ್ಯಾಂಕು ಹಾಕಿದ ಮೇಲೆ ಪೂರ್ತಿ ನಿಲ್ಲಬೇಕು. ಅಷ್ಟೇ ಅಷ್ಟು, ಎರಡು ಕಿಲೋ ಆರುನೂರು ಗ್ರಾಂ ಮಾತ್ರ ಯಾಕೆ ನಿಂತಿತು? ವ್ಯಾನಿನಲ್ಲಿ ಬೇರೆ ಏನು ಬದಲಾಗಿದೆ?

ಮಾಬುಬಿ ಹೊಸ್ತಿಲ ಮೇಲೆ ಕೂತಳು. "ಅಕ್ಕ ಇಲ್ಲಲ್ಲಣ್ಣ," ಎಂದಳು. "ಬ್ಯಾರೆ ಏನೂ ಬದಲಾಗಿಲ್ಲ."

ಕಸ್ತೂರಿ ಅಡುಗೆಮನೆಯ ಗೂಡಿನಿಂದ ಅಕ್ಕನ ನೋಟ್‌ಬುಕ್ ತಂದಳು. ಡಯಾಲಿಸಿಸ್ಸಿಗೆ ಮುಂಚೆ ಒಂದು ಸಲ, ಆದ ಮೇಲೆ ಒಂದು ಸಲ ಅಲ್ಲಿ ತೂಗುತ್ತಾರೆ. ಅಕ್ಕ ಎರಡನ್ನೂ ಅಂಗನವಾಡಿಯ ದುಂಡು ಅಕ್ಷರದಲ್ಲಿ ಬರೆದಿದ್ದಳು. ಅವಳ ಕೊನೆಯ ಗುರುವಾರ: ಹೋಗುವಾಗ 54.8, ಬರುವಾಗ 52.2. ನಾನು ಕಳೆದು ನೋಡಬೇಕಾಗಲಿಲ್ಲ. ಪಕ್ಕದಲ್ಲಿ ಅವಳೇ ಕಳೆದು ಬರೆದಿದ್ದಳು: 2.6.

ಅರ್ಧ ತಾಸಿನಲ್ಲಿ ಮಾಬುಬಿ ಐದೂ ಜನರ ಮನೆಗೆ ಹೋಗಿ ಅವರ ಆಸ್ಪತ್ರೆ ಕಾರ್ಡು ತಂದಳು. ನಮ್ಮ ಕಟ್ಟೆಯ ಮೇಲೆ ಕೂತು ಕೂಡಿದೆವು. ಐವರದೂ ಸೇರಿ ಅವತ್ತಿಗೆ 12.4. ಅಂದರೆ ಇಷ್ಟು ದಿನ ಪೆಟ್ಟಿಗೆ ತೂಗಿದ್ದು ಈ ಮಂದಿಯ ಮೈಯಿಂದ ಯಂತ್ರ ತೆಗೆದ ನೀರನ್ನು. ಯಾರೋ ಕದ್ದು ತುಂಬಿಸುತ್ತಿದ್ದಾರೆ ಎಂದು ಅದು ಚಾಡಿ ಹೇಳಿದ್ದು, ಎರಡು ದಿನ ಗೀಟು ಲೆಕ್ಕದಲ್ಲಿ, ಹೆದರಿ ಹೆದರಿ ಇವರು ಕುಡಿದ ನೀರನ್ನು. ಆಮೇಲೆ ಒಬ್ಬಳು ಸತ್ತಳು. ಅದಕ್ಕೆ ಅದು ಧನ್ಯವಾದ ಹೇಳಿತು.

ಮೈಯೆಲ್ಲ ಉರಿಯಿತು. ನಾನು ಮಾಬುಬಿಯ ಮುಂದೆ ಕೈ ಮುಗಿದು, "ತಪ್ಪಾತವ್ವ," ಎಂದೆ. ಅವಳು ನನ್ನ ಕೈ ಇಳಿಸಿ, "ಮೊದಲು ಆ ದೀಪ ನೋಡಣ್ಣ. ಮತ್ತ ಹಳದಿಗೆ ನಿಂತೈತಿ. ಒಮ್ಮೆ ಕೆಂಪ ಬಿದ್ದ ಗಾಡಿ, ಇನ್ನ ಎರಡು ಟ್ರಿಪ್ಪಿಗೆ ಮತ್ತ ಕೆಂಪ ಆಕ್ಕೈತಿ. ಈ ಸಲ ಯಾರನ್ನ ಕೊಡೋಣ?" ಎಂದಳು.

ಶುಕ್ರವಾರ ಕಾರ್ಡುಗಳನ್ನೂ ನೋಟ್‌ಬುಕ್ಕನ್ನೂ ಎದೆಗವಚಿಕೊಂಡು ಹುಬ್ಬಳ್ಳಿಗೆ ಹೋದೆ. ಈ ಸಲ ಚಹಾ ಮುಟ್ಟಲಿಲ್ಲ. ನೀಲಾಂಬಿಕಾ ಒಂದೊಂದೇ ಸಂಖ್ಯೆಯನ್ನು ಪರದೆಯ ಗೆರೆಯ ಪಕ್ಕ ಇಟ್ಟು ನೋಡಿದಳು. ಮೂರನೆಯ ದಿನದ ಲೆಕ್ಕಕ್ಕೆ ಬರುವಷ್ಟರಲ್ಲಿ ಅವಳ ಬೆರಳು ನಿಂತಿತು. ಸ್ವೆಟರಿನ ತೋಳಿನಿಂದ ಕಣ್ಣೊರೆಸಿಕೊಂಡು ಎದ್ದು ಹೋಗಿ ವ್ಯವಸ್ಥಾಪಕರನ್ನು ಕರೆತಂದಳು.

ಅವನು ಮುಖ ಸಣ್ಣಗೆ ಮಾಡಿಕೊಂಡು ಸಂತಾಪ ಹೇಳಿದ. ಆಮೇಲೆ, "ಆದರೆ ತಾಂತ್ರಿಕವಾಗಿ ಪೆಟ್ಟಿಗೆ ತಪ್ಪಿಲ್ಲ ಸಾರ್. ತೂಕ ಕಡಿಮೆಯಾಗಿದ್ದು ನಿಜ. ಅದು ಸರಿಯಾಗೇ ಅಳೆದಿದೆ," ಎಂದ.

"ಹೌದ್ರಿ. ಸರಿಯಾಗಿ ಅಳದೈತಿ. ಅಳದು ಏನಂತ ತಿಳ್ಕೊಂತು, ಅದನ್ನ ಕೇಳಾಕ ಬಂದೀನಿ."

"ಹೊಸ ಆವೃತ್ತಿಯಲ್ಲಿ ಸರಿಪಡಿಸುತ್ತೇವೆ. ಆರು ತಿಂಗಳು ಹಿಡಿಯಬಹುದು."

"ನಾಳೆ ಶನಿವಾರ. ಅವರಿಗೆ ಆರು ದಿನಾನೂ ಇಲ್ಲ."

ಅವನು ಸ್ವಲ್ಪ ಯೋಚಿಸಿ, ಮುಖ ಅರಳಿಸಿ ಹೇಳಿದ ಮಾತನ್ನು ನಾನು ಸಾಯುವ ತನಕ ಮರೆಯುವುದಿಲ್ಲ. "ಒಂದು ದಾರಿ ಇದೆ. ವ್ಯಾನನ್ನು ಸರಕು ವಾಹನ ಅಂತ ಬದಲಾಯಿಸಿಬಿಡಿ. ಸರಕು ವಾಹನಕ್ಕೆ ತೂಕ ಇಳಿದರೆ ಪೆಟ್ಟಿಗೆ ತಲೆ ಕೆಡಿಸಿಕೊಳ್ಳುವುದಿಲ್ಲ. ಮಾಲು ಇಳಿಸಿದ್ದಾರೆ ಅಂತ ತಿಳಿದುಕೊಳ್ಳುತ್ತದೆ."

ನಾನು ಎದ್ದು ನಿಂತೆ. ಏನೇನು ಬೈದೆ ಎಂದು ಇಲ್ಲಿ ಬರೆಯುವುದಿಲ್ಲ. ಇಡೀ ಕೊಠಡಿ ತಿರುಗಿ ನೋಡಿತು. ಕಾವಲುಗಾರರು ಹತ್ತಿರ ಬಂದಾಗ ಕೊನೆಗೆ ಒಂದೇ ಒಂದು ಕೇಳಿದೆ. "ನಿಮ್ಮ ದಾಖಲೆಯೊಳಗ ನಮ್ಮಕ್ಕ ಸತ್ತಿದ್ದು ದುರಸ್ತಿ ಅಂತ ಐತಿ. ಆ ಸಾಲು ಅಳಸ್ರಿ."

"ದಾಖಲೆ ಅಳಿಸಲು ಬರುವುದಿಲ್ಲ ಸಾರ್. ಕಾರಣ ಬೇಕಾದರೆ ಸೇರಿಸಬಹುದು. ಅದೂ ಬಿಡಿಭಾಗಗಳ ಪಟ್ಟಿಯಿಂದಲೇ ಆರಿಸಬೇಕು."

ಪಟ್ಟಿ ತೋರಿಸಿದ. ನಾನೂರು ಚಿಲ್ಲರೆ ಬಿಡಿಭಾಗ. ಎಲ್ಲವನ್ನೂ ನಾನು ಕೈಯಾರೆ ಬಿಚ್ಚಿ ಕಟ್ಟಿದವನು. ಅದರಲ್ಲಿ ಮನುಷ್ಯರು ಇರಲಿಲ್ಲ.

ವಾಪಸು ಬರುವ ಬಸ್ಸಿನಲ್ಲಿ ಸಿಟ್ಟಿನ ನಡುವೆಯೇ ತಲೆ ಓಡಿತು. ಪೆಟ್ಟಿಗೆಗೆ ಬೇಕಾದದ್ದು ತೂಕ. ಕೊಟ್ಟರಾಯಿತು. ಮಾಬುಬಿ, "ಕಲ್ಲು ಹೇರೋಣೇನಣ್ಣ?" ಎಂದಳು. ಕಲ್ಲು ದಿನವೂ ಒಂದೇ ತೂಕ, ಈ ಮಂದಿಯಿಂದ ತೆಗೆಯುವ ನೀರು ದಿನಕ್ಕೊಂದು ತೂಕ. ಶನಿವಾರ ಹೊರಡುವಾಗಲೇ ಐದು ಖಾಲಿ ಕ್ಯಾನು ವ್ಯಾನಿಗೆ ಹಾಕಿ, ಒಂದು ಅಳತೆ ಪಾತ್ರೆ ಹಿಡಿದುಕೊಂಡು ನಾನೂ ಜೀಪಿನಲ್ಲಿ ಹಿಂದೆ ಹೋದೆ. ಡಯಾಲಿಸಿಸ್ ಮುಗಿದು ಒಬ್ಬೊಬ್ಬರೇ ತಕ್ಕಡಿ ಇಳಿದು ಬಂದಂತೆ ಕಾರ್ಡು ನೋಡಿ, ಯಾರಿಂದ ಎಷ್ಟು ತೆಗೆದರೋ ಅಷ್ಟೇ ನೀರನ್ನು ಅಂಗಳದ ನಲ್ಲಿಯಿಂದ ಅವರವರ ಕ್ಯಾನಿಗೆ ಹಿಡಿದೆ. ಅವರವರ ಕ್ಯಾನು ಅವರವರ ಕಾಲ ಬಳಿ ಇಟ್ಟೆವು.

ವಾಪಸು ಹೊರಡುವ ಮುಂಚೆ ನಾನು ವ್ಯಾನಿನ ಬಾಗಿಲ ಹತ್ತಿರ ನಿಂತು ನೋಡಿದೆ. ನಾಲ್ಕು ತಾಸು ರಕ್ತ ತೊಳೆಸಿಕೊಂಡು ಬಂದವರ ಬಾಯಿ ಒಣಗಿ ತುಟಿ ಅಂಟಿಕೊಂಡಿರುತ್ತವೆ. ಅವರ ಕಾಲ ಬಳಿ ತಣ್ಣನೆಯ ನೀರು ತುಳುಕುತ್ತಿತ್ತು. ಎಲ್ಲರೂ ಅದನ್ನೇ ನೋಡುತ್ತಿದ್ದರು. ನಿವೃತ್ತ ಮೇಷ್ಟ್ರು ಫಕೀರಪ್ಪನವರು ತಮ್ಮ ಕ್ಯಾನಿನ ಮುಚ್ಚಳ ಸವರಿ, "ಮಾಬುಬಿ, ನನ್ನೊಳಗಿಂದ ತಗದಿದ್ದು ನನ್ನ ಕಾಲಾಗ ಕುಂತೈತಿ. ಒಂದ ಗುಟುಕು ವಾಪಸ್ ಇಸ್ಕೊಳ್ಳಲೇನ?" ಎಂದರು. ಎಲ್ಲರೂ ನಕ್ಕರು. ಮಾಬುಬಿ ನಗಲಿಲ್ಲ. ಬಾಯಾರಿದವರ ಕಾಲ ಬಳಿ ಕುಡಿಯಬಾರದ ನೀರು ಇಟ್ಟು ನಲವತ್ತು ಕಿಲೋಮೀಟರ್ ಕರೆದುಕೊಂಡು ಹೋಗಬೇಕು, ಯಾಕೆಂದರೆ ಒಂದು ಪೆಟ್ಟಿಗೆಗೆ ಸಮಾಧಾನ ಆಗಬೇಕು.

ಪೆಟ್ಟಿಗೆಗೆ ಸಮಾಧಾನವಾಯಿತು. ಮುಂಡರಗಿ ಮುಟ್ಟುವಾಗ ದೀಪ ಹಸಿರು. 'ಸೋರಿಕೆ ಇಲ್ಲ. ನಿಮ್ಮ ವಾಹನ ಆರೋಗ್ಯವಾಗಿದೆ.' ಅವತ್ತಿನಿಂದ ಐವರ ಒಂದು ಪಾಳಿಯೂ ತಪ್ಪಿಲ್ಲ. ನನಗೆ ಈಗ ಯಾರಾದರೂ ಹಳದಿ ದೀಪ ಎಂದು ಗಾಡಿ ತಂದರೆ ಬಾನೆಟ್ ಎತ್ತುವ ಮುಂಚೆ ಕೇಳುತ್ತೇನೆ: ಇದರೊಳಗ ಯಾರು ಕೂಡತಾರ, ಎಲ್ಲಿಗೆ ಹೋಗ್ತಾರ, ಯಾಕ ಹೋಗ್ತಾರ?

ಕ್ಯಾನುಗಳನ್ನು ನಾನು ತರಿಸಿದ್ದು ಐದಲ್ಲ, ಆರು.

ಆರನೆಯದು ವ್ಯಾನಿಗೆ ಹಾಕುವುದಿಲ್ಲ. ಬದುಕಿರುವವರ ಗಾಡಿಯೊಡನೆ ನಾನು ಜಿದ್ದು ಸಾಧಿಸುವುದಿಲ್ಲ. ಅದನ್ನು ನನ್ನ ಜೀಪಿನಲ್ಲಿ ಇಡುತ್ತೇನೆ. ಮಂಗಳವಾರ, ಗುರುವಾರ, ಶನಿವಾರ ಗದಗಿನ ಅದೇ ನಲ್ಲಿಯಿಂದ ಅಳೆದು 2.6 ಕಿಲೋ ನೀರು ಹಿಡಿಯುತ್ತೇನೆ. ಡಂಬಳದ ಹತ್ತಿರ, ಅಕ್ಕನನ್ನು ಬಿಸಿಲಿಗೆ ನಿಲ್ಲಿಸಿದ ಜಾಗದಲ್ಲಿ ಜೀಪು ನಿಲ್ಲಿಸುತ್ತೇನೆ. ಅಲ್ಲೊಂದು ಬೇವಿನ ಸಸಿ ನೆಟ್ಟಿದ್ದೇನೆ, ಅದರ ಬುಡಕ್ಕೆ ಒಂದು ಹನಿ ಉಳಿಸದೆ ಸುರಿದು ಬಂದು ಸೀಟಿನಲ್ಲಿ ಕೂರುತ್ತೇನೆ. ನನ್ನ ಜೀಪಿಗೂ ಪೆಟ್ಟಿಗೆ ಇದೆಯಲ್ಲ. ಮೊದಲ ವಾರ ಹಳದಿ ಬಂತು, ಆಮೇಲೆ ಕೆಂಪು. ಎಂಜಿನ್ ನಿಲ್ಲುತ್ತದೆ. ನಿಲ್ಲಲಿ. ಬೀಗ ಬಿಡಿಸಲು ಅವರ ಗಾಡಿ ಹುಬ್ಬಳ್ಳಿಯಿಂದ ಬರಬೇಕು. ಬರಲಿ. ನನಗೆ ಯಾವ ಪಾಳಿಯೂ ತಪ್ಪುವುದಿಲ್ಲ.

ಇವತ್ತಿಗೆ ಹದಿನಾಲ್ಕನೇ ಸಲ. ನಾನು ಕೂತ ಎರಡು ನಿಮಿಷಕ್ಕೆ ಫೋನು ಬಂತು. ಹೊಸ ಹುಡುಗಿಯ ದನಿ.

"ನಮಸ್ಕಾರ ಸಾರ್. ಡಂಬಳದ ಹತ್ತಿರ ನಿಮ್ಮ ವಾಹನದಿಂದ 2.6 ಕಿಲೋ ಸೋರಿಕೆ ಆಗಿದೆ. ದಾಖಲಿಸಬೇಕು. ಏನು ಸೋರಿದೆ ಹೇಳ್ತೀರಾ?"

"ಕಾಳವ್ವ ಪತ್ತಾರ."

"ಸಾರ್, ಬಿಡಿಭಾಗದ ಹೆಸರು ಬೇಕು."

"ಅದೇ ಹೆಸರು. ನಮ್ಮಕ್ಕ."

ಅವಳು ಹುಡುಕುವುದು ಕೇಳಿಸಿತು. ಹಿಂದೆ ಎ.ಸಿ. ಸದ್ದು, ಯಾರೋ ನಗುವ ಸದ್ದು. ಆಮೇಲೆ ಅವಳು ಬಹಳ ಮರ್ಯಾದೆಯಿಂದ ಹೇಳಿದಳು. "ಕ್ಷಮಿಸಿ ಸಾರ್, ಆ ಹೆಸರು ನಮ್ಮ ಪಟ್ಟಿಯಲ್ಲಿ ಇಲ್ಲ."

"ಇಲ್ಲ ಅನ್ನೋದು ನನಗೂ ಗೊತ್ತೈತಿ ಯವ್ವಾ. ಸೇರಸ್ರಿ," ಎಂದೆ. "ಸೇರಸೂ ತನಕ ಬರ್ತೀನಿ. ಗುರುವಾರ ಇದೇ ಹೊತ್ತಿಗೆ ಮತ್ತ ಫೋನು ಮಾಡು."